ಸಂತಾನದ ಸೂತ್ರ ಇಬ್ಬರ ತಲೆಯಲ್ಲಿದೆ

(ಮೂಡಲಗಿ ತಾಲೂಕಿನ ಕುಲಗೋಡ ಗ್ರಾಮದ ದಂಪತಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಕುಲಗೋಡ ಎಂದೊಡನೆ ಕನ್ನಡ ನಾಡಿನ ಜನರಿಗೆ ಶ್ರೀಕೃಷ್ಣ ಪಾರಿಜಾತದ ನೆನಪಾಗುತ್ತದೆ. ಆ ಬಯಲಾಟಕ್ಕೆ ಕೀರ್ತಿ ತಂದ ಕುಲಗೋಡ ತಮ್ಮಣ್ಣನವರ ಊರಿದು. ಅದರ ಕಥೆಯನ್ನು ನಾನು ತಮಗೆ ಹೇಳಬೇಕಾಗಿಲ್ಲ. ನಾರದರು ತಂದದ್ದು ಒಂದೇ ಒಂದು ಹೂವು. ಅದು ರುಕ್ಮಿಣಿಯ ಮುಡಿಗೇರಿದ ಸುದ್ದಿ ಸತ್ಯಭಾಮೆಯ ಕಿವಿಗೆ ಬಿದ್ದುದೇ ತಡ, ಅರಮನೆಯ ಶಾಂತಿಯೇ ಕದಡಿಹೋಯಿತು. ಹೂವಿನ ತೂಕವೆಷ್ಟು, ಅದು ಎಬ್ಬಿಸಿದ ಕೋಲಾಹಲವೆಷ್ಟು!

ನಮ್ಮ ಶರೀರದಲ್ಲಿಯೂ ಇಂತಹ ಹೂವುಗಳಿವೆ. ಮನೆಯ ತಕ್ಕಡಿಯಲ್ಲಿ ತೂಗಿ ನೋಡಲಾಗದಷ್ಟು ಅಲ್ಪ ಪ್ರಮಾಣದ ಕೆಲವು ದ್ರವ್ಯಗಳು ರಕ್ತದಲ್ಲಿ ಬೆರೆತು ದೂರದ ಅಂಗಗಳಿಗೆ ಸುದ್ದಿಯನ್ನು ಒಯ್ಯುತ್ತವೆ. ಇವುಗಳಿಗೆ ಹಾರ್ಮೋನುಗಳು ಅಥವಾ ಚೋದನಿಕೆಗಳು ಎಂದು ಹೆಸರು. ಹುಡುಗನ ಧ್ವನಿ ಒಡೆಯುವುದು, ಹುಡುಗಿ ಋತುಮತಿಯಾಗುವುದು, ಗರ್ಭ ನಿಲ್ಲುವುದು, ಹೆತ್ತ ತಾಯಿಯ ಎದೆಯಲ್ಲಿ ಹಾಲು ಬರುವುದು, ಇವೆಲ್ಲವೂ ಈ ದೂತರು ತರುವ ಸುದ್ದಿಗಳಿಂದ ನಡೆಯುತ್ತವೆ. ಈ ದೂತರನ್ನು ಕಳುಹಿಸುವವರು ಯಾರು, ಅವರ ಒಡೆಯನ ಮನೆ ಎಲ್ಲಿದೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಇದು ಪಂಡಿತರಿಗೆ ಬೇಕಾದ ವಿದ್ಯೆ, ನಮಗೇಕೆ ಎಂದು ತಾವು ಕೇಳಬಹುದು. ಅದಕ್ಕೆ ಕಾರಣವನ್ನು ಹೇಳುತ್ತೇನೆ. ನಮ್ಮ ಚಿಕಿತ್ಸಾಲಯಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ದೃಶ್ಯವಿದೆ. ಮದುವೆಯಾಗಿ ಮೂರು ನಾಲ್ಕು ವರ್ಷಗಳಾಗಿರುತ್ತವೆ, ಮಕ್ಕಳಾಗಿರುವುದಿಲ್ಲ. ಅತ್ತೆಯೊಡನೆ ಸೊಸೆಯೊಬ್ಬಳೇ ಬಂದು ತಲೆ ತಗ್ಗಿಸಿ ಕುಳಿತಿರುತ್ತಾಳೆ. ಅವಳ ಕೈಯಲ್ಲಿ ಹಳೆಯ ಚೀಟಿಗಳ ದೊಡ್ಡ ಕಟ್ಟಿರುತ್ತದೆ. ಗಂಡನ ಪರೀಕ್ಷೆ ಆಗಿದೆಯೆ ಎಂದು ಕೇಳಿದರೆ, "ಅವನಿಗೇನಾಗಿದೆ, ಗಟ್ಟಿಮುಟ್ಟಾಗಿದ್ದಾನೆ" ಎಂಬ ಉತ್ತರ ಬರುತ್ತದೆ. ಊರು ಅವಳನ್ನು ಆಗಲೇ ಬಂಜೆ ಎಂದು ಕರೆದಾಗಿರುತ್ತದೆ. ಎಷ್ಟೋ ಸಲ ಎರಡನೆಯ ಮದುವೆಯ ಮಾತೂ ನಡೆದಿರುತ್ತದೆ. ಒಂದು ಜೀವದ ಮಾನ, ಒಂದು ಸಂಸಾರದ ಸುಖ, ತಿಳಿವಳಿಕೆಯ ಕೊರತೆಯಿಂದ ಹಾಳಾಗುತ್ತಿವೆ. ಆದುದರಿಂದಲೇ ಈ ವಿಷಯವನ್ನು ಪ್ರತಿಯೊಬ್ಬ ದಂಪತಿಯೂ ಅರಿತಿರಬೇಕು.

ಕೊಟ್ಟಿಗೆಯಲ್ಲಿ ಕಲಿಯುವ ಪಾಠ

ಪುಸ್ತಕವನ್ನು ತೆರೆಯುವ ಮುನ್ನ ನಿಮ್ಮ ಎಮ್ಮೆಯ ಕೊಟ್ಟಿಗೆಗೆ ಹೋಗೋಣ. ಹಾಲು ಹಿಂಡಲು ಕುಳಿತ ತಾಯಿ ಮೊದಲು ಕರುವನ್ನು ಬಿಡುತ್ತಾಳೆ. ಕರುವು ಕೆಚ್ಚಲಿಗೆ ಗುದ್ದಿ ನಾಲ್ಕು ಬಾರಿ ಚೀಪುತ್ತಲೇ ಮೊಲೆಗಳು ತುಂಬಿಕೊಂಡು ಹಾಲು ಇಳಿಯುತ್ತದೆ. ಆದರೆ ಅದೇ ಹೊತ್ತಿಗೆ ಗುರುತಿಲ್ಲದ ಮನುಷ್ಯ ಬಂದು ನಿಂತರೆ, ನಾಯಿ ಮೇಲೆ ಬಿದ್ದು ಬೊಗಳಿದರೆ, ಎಮ್ಮೆ ಬೆದರಿ ಹಾಲನ್ನು ಏರಿಸಿಕೊಳ್ಳುತ್ತದೆ. ಎಷ್ಟು ಹಿಂಡಿದರೂ ಪಾತ್ರೆ ತುಂಬುವುದಿಲ್ಲ. ಕೆಚ್ಚಲು ಅದೇ, ಒಳಗಿರುವ ಹಾಲೂ ಅದೇ. ಬದಲಾದುದು ಏನು?

ಬದಲಾದುದು ಎಮ್ಮೆಯ ಮಿದುಳಿನಲ್ಲಿ. ಕರು ಚೀಪಿದ ಸುದ್ದಿಯನ್ನು ಮೊಲೆಯ ನರಗಳು ಮಿದುಳಿಗೆ ಮುಟ್ಟಿಸುತ್ತವೆ. ಮಿದುಳು ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಕೆಚ್ಚಲನ್ನು ಸೇರಿ ಅಲ್ಲಿಯ ಸೂಕ್ಷ್ಮ ಸ್ನಾಯುಗಳನ್ನು ಬಿಗಿಗೊಳಿಸಿ ಹಾಲನ್ನು ಕೆಳಗೆ ತಳ್ಳುತ್ತದೆ. ಭಯವಾದಾಗ ಮಿದುಳು ಈ ದೂತನನ್ನು ತಡೆಹಿಡಿಯುತ್ತದೆ. ಮಗುವಿಗೆ ಹಾಲೂಡಿಸುವ ತಾಯಿಯಲ್ಲಿಯೂ ನಡೆಯುವುದು ಇದೇ. ಕೂಸು ಅತ್ತ ಸದ್ದು ಕೇಳಿದ ಮಾತ್ರಕ್ಕೆ ಎದೆಯಿಂದ ಹಾಲು ಒಸರುವುದನ್ನು ಇಲ್ಲಿರುವ ಎಷ್ಟೋ ತಾಯಂದಿರು ಅನುಭವಿಸಿದ್ದೀರಿ.

ಇನ್ನೊಂದು ಸಂಗತಿಯನ್ನೂ ತಾವು ಬಲ್ಲಿರಿ. ಮಳೆಗಾಲ ಮುಗಿದು ಹಗಲು ಕುಗ್ಗಿ ಚಳಿ ಬಿದ್ದಾಗ ಎಮ್ಮೆಗಳು ಹೆಚ್ಚಾಗಿ ಬೆದೆಗೆ ಬರುತ್ತವೆ. ಕಡು ಬೇಸಿಗೆಯಲ್ಲಿ ಕಡಿಮೆ. ಎಮ್ಮೆಯ ಗರ್ಭಕೋಶಕ್ಕೆ ಹಗಲಿರುಳುಗಳ ಅರಿವಿಲ್ಲ. ಕಣ್ಣು ಕಂಡ ಬೆಳಕನ್ನು ಮಿದುಳು ಅಳೆಯುತ್ತದೆ; ಇರುಳು ಉದ್ದವಾದಂತೆ ಮೆಲಟೋನಿನ್ ಎಂಬ ದ್ರವ್ಯ ಅಲ್ಲಿ ಹೆಚ್ಚು ಹೊತ್ತು ಉತ್ಪತ್ತಿಯಾಗುತ್ತದೆ; ಅದರಿಂದ ಕಾಲದ ಸೂಚನೆ ಪಡೆದು ಮಿದುಳು ಸಂತಾನದ ಅಂಗಗಳನ್ನು ಎಚ್ಚರಿಸುತ್ತದೆ. ಮನುಷ್ಯರಿಗೆ ಇಂತಹ ಋತುವಿನ ಕಟ್ಟಿಲ್ಲ. ಆದರೂ ಮರಿಗೆ ಮೊಲೆಯೂಡಿಸುವ ಪ್ರಾಣಿಗಳೆಲ್ಲದರಲ್ಲಿಯೂ, ಅಂದರೆ ಸಸ್ತನಿಗಳೆಲ್ಲದರಲ್ಲಿಯೂ, ಸಂತಾನದ ಮೂಲ ಸೂತ್ರ ಮಿದುಳಿನ ಕೈಯಲ್ಲಿಯೇ ಇದೆ.

ಅಣೆಕಟ್ಟು, ಕಾಲುವೆ, ಹೊಲ

ಈ ಸೂತ್ರದ ರಚನೆಯನ್ನು ತಿಳಿಯಲು ಘಟಪ್ರಭೆಯ ಸೀಮೆಯವರಾದ ತಮಗೆ ಕಷ್ಟವಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಜಲಾಶಯವಿದೆ. ಅದರ ಕೆಳಗೆ ಧೂಪದಾಳದಲ್ಲಿ ಒಡ್ಡು ಇದ್ದು, ಅಲ್ಲಿಂದ ಎಡದಂಡೆಯ ಕಾಲುವೆ ಹೊರಡುತ್ತದೆ. ಕಾಲುವೆಯ ಕೊನೆಯಲ್ಲಿ ರೈತರ ಹೊಲಗಳಿವೆ. ಮೇಲೆ ನೀರು ಬಿಟ್ಟರೆ ಕಾಲುವೆ ತುಂಬುತ್ತದೆ, ಕಾಲುವೆ ತುಂಬಿದರೆ ಹೊಲ ನೆನೆಯುತ್ತದೆ.

ನಮ್ಮ ಶರೀರದಲ್ಲಿಯೂ ಹೀಗೆಯೇ ಮೂರು ಹಂತಗಳಿವೆ. ಮೊದಲನೆಯದು ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ ಎಂಬ ಸಣ್ಣ ಪ್ರದೇಶ. ಅದರ ಗಾತ್ರ ಒಂದು ಬಾದಾಮಿಯಷ್ಟು. ಎರಡನೆಯದು ಅದರ ಕೆಳಗೆ ಸಣ್ಣ ಕಾಂಡದಿಂದ ಜೋತುಬಿದ್ದಿರುವ ಪಿಟ್ಯುಟರಿ ಗ್ರಂಥಿ. ಇದು ಒಂದು ಬಟಾಣಿ ಕಾಳಿನಷ್ಟು ಮಾತ್ರ. ಮೂರನೆಯದು ಹೆಂಗಸಿನಲ್ಲಿ ಅಂಡಾಶಯಗಳು, ಗಂಡಸಿನಲ್ಲಿ ವೃಷಣಗಳು. ಹೈಪೊಥಲಾಮಸ್ ಒಂದು ಹಾರ್ಮೋನನ್ನು ಸೂಕ್ಷ್ಮ ರಕ್ತನಾಳಗಳ ಮೂಲಕ ಪಿಟ್ಯುಟರಿಗೆ ಕಳುಹಿಸುತ್ತದೆ. ವಿಜ್ಞಾನಿಗಳು ಅದನ್ನು ಜಿ.ಎನ್.ಆರ್.ಎಚ್. ಎನ್ನುತ್ತಾರೆ. ನಾವು ಅದನ್ನು 'ಮೊದಲ ದೂತ' ಎಂದು ಕರೆಯೋಣ. ಈ ದೂತನ ಮಾತನ್ನು ಕೇಳಿ ಪಿಟ್ಯುಟರಿಯು ಎಫ್.ಎಸ್.ಎಚ್. ಮತ್ತು ಎಲ್.ಎಚ್. ಎಂಬ ಬೇರೆ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಅಂಡಾಶಯವನ್ನು ಅಥವಾ ವೃಷಣವನ್ನು ತಲುಪಿ ಕೆಲಸಕ್ಕೆ ಹಚ್ಚುತ್ತವೆ.

ಇಷ್ಟು ದೊಡ್ಡ ಅಧಿಕಾರವನ್ನು ನಡೆಸುವ ಜೀವಕೋಶಗಳೆಷ್ಟು ಬಲ್ಲಿರಾ? ಮನುಷ್ಯನ ಮಿದುಳಿನ ಕೋಟ್ಯಂತರ ಕೋಶಗಳ ನಡುವೆ ಈ ಮೊದಲ ದೂತನನ್ನು ತಯಾರಿಸುವ ನರಕೋಶಗಳು ಒಂದೆರಡು ಸಾವಿರ ಮಾತ್ರ.

ಈ ಸತ್ಯವು ಸುಲಭವಾಗಿ ಕೈಗೆ ಸಿಕ್ಕಿದುದಲ್ಲ. ಪಿಟ್ಯುಟರಿಯೇ ಎಲ್ಲ ಗ್ರಂಥಿಗಳಿಗೂ ಅರಸನೆಂದು ಬಹುಕಾಲ ನಂಬಿದ್ದರು. ಆ ಅರಸನೂ ಮಿದುಳಿನ ಆಜ್ಞೆಗೆ ಒಳಪಟ್ಟವನು, ಆ ಆಜ್ಞೆ ಸೂಕ್ಷ್ಮ ರಕ್ತನಾಳಗಳ ಮೂಲಕ ಬರುತ್ತದೆ ಎಂಬುದನ್ನು ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ ಎಂಬ ವಿಜ್ಞಾನಿ 1940 ಮತ್ತು 1950ರ ದಶಕಗಳಲ್ಲಿ ಪ್ರಯೋಗಗಳಿಂದ ಸ್ಥಾಪಿಸಿದರು. ಆಜ್ಞೆಯನ್ನು ತರುವ ದೂತನನ್ನು ಹಿಡಿಯಲು ಅಮೆರಿಕದಲ್ಲಿ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಲೆಮಿನ್ ಎಂಬ ಇಬ್ಬರು ಬೇರೆ ಬೇರೆಯಾಗಿ ವರ್ಷಗಟ್ಟಲೆ ದುಡಿದರು. ಶಾಲಿಯವರು ಲಕ್ಷಕ್ಕೂ ಮಿಕ್ಕ ಹಂದಿಗಳ ಹೈಪೊಥಲಾಮಸನ್ನು ಕೂಡಿಹಾಕಿದರು. ಗಿಲೆಮಿನ್ ಕುರಿಗಳದನ್ನು ಆರಿಸಿಕೊಂಡರು. ಆ ರಾಶಿಯಿಂದ ದೊರೆತದ್ದು ಕೆಲವು ಕಣಗಳಷ್ಟು ದ್ರವ್ಯ. 1971ರಲ್ಲಿ ಅದರ ರಚನೆ ತಿಳಿಯಿತು. ಹತ್ತು ಅಮೈನೋ ಆಮ್ಲಗಳನ್ನು ಪೋಣಿಸಿದ ಒಂದು ಪುಟ್ಟ ಸರವದು. 1977ರಲ್ಲಿ ಇವರಿಬ್ಬರೂ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು. ಹಂದಿಯಲ್ಲಿ, ಕುರಿಯಲ್ಲಿ, ಮನುಷ್ಯನಲ್ಲಿ, ಗಂಡಿನಲ್ಲಿ, ಹೆಣ್ಣಿನಲ್ಲಿ ಈ ಸರ ಒಂದೇ ಬಗೆಯದು ಎಂಬುದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ.

ಸರದಿಯ ನೀರು, ಸವುಳು ಭೂಮಿ

ಮೊದಲ ದೂತನ ಕೆಲಸದಲ್ಲಿ ಒಂದು ವಿಶೇಷವಿದೆ. ಅವನು ಸದಾ ಬಂದುಕೊಂಡೇ ಇರುವವನಲ್ಲ. ಸುಮಾರು ಒಂದರಿಂದ ಎರಡು ಗಂಟೆಗೊಮ್ಮೆ ಬಾಗಿಲು ತಟ್ಟಿ ಹೋಗುತ್ತಾನೆ. ಮಧ್ಯದಲ್ಲಿ ಮೌನ. ಈ ಮೌನವೇಕೆ ಎಂದು ಅಮೆರಿಕದ ಅರ್ನ್ಸ್ಟ್ ನೋಬಿಲ್ ಮತ್ತು ಅವರ ಸಂಗಡಿಗರು ಕೋತಿಗಳಲ್ಲಿ ಪರೀಕ್ಷಿಸಿ 1978ರಲ್ಲಿ ಪ್ರಕಟಿಸಿದರು. ಗಂಟೆಗೊಮ್ಮೆ ಈ ಹಾರ್ಮೋನನ್ನು ಕೊಟ್ಟಾಗ ಪಿಟ್ಯುಟರಿ ಚೆನ್ನಾಗಿ ಕೆಲಸ ಮಾಡಿತು. ಅದನ್ನೇ ಬಿಡದೆ ಸತತವಾಗಿ ಹರಿಸಿದಾಗ ಪಿಟ್ಯುಟರಿಯು ಕೆಲಸವನ್ನೇ ನಿಲ್ಲಿಸಿಬಿಟ್ಟಿತು.

ಇದು ರೈತನಿಗೆ ಹೊಸ ಮಾತಲ್ಲ. ಕಾಲುವೆಯ ನೀರು ಸರದಿಯಂತೆ ಬಂದರೆ ಕಬ್ಬು, ಗೋವಿನಜೋಳ ಬೆಳೆಯುತ್ತವೆ. ಹಗಲಿರುಳು ನೀರು ನಿಲ್ಲಿಸಿದ ಭೂಮಿ ಸವುಳಾಗಿ, ಜವುಳಾಗಿ ಏನನ್ನೂ ಬೆಳೆಯದಂತಾಗುತ್ತದೆ. ಹೆಚ್ಚು ಕೊಟ್ಟರೆ ಹೆಚ್ಚು ಫಲ ಎಂಬ ಲೆಕ್ಕ ಹೊಲದಲ್ಲಿಯೂ ತಪ್ಪು, ಹಾರ್ಮೋನಿನಲ್ಲಿಯೂ ತಪ್ಪು. ಸಂತಾನಕ್ಕೆಂದು, ಶಕ್ತಿಗೆಂದು, ವೈದ್ಯರ ಸಲಹೆಯಿಲ್ಲದೆ ಸೂಜಿ ಚುಚ್ಚಿಸಿಕೊಳ್ಳುವವರು ಈ ಮಾತನ್ನು ಮರೆಯಬಾರದು.

ಇಬ್ಬರಲ್ಲಿಯೂ ಒಂದೇ ಸಂದೇಶ

ಹೆಂಗಸಿನಲ್ಲಿ ಈ ಸಂದೇಶ ಏನು ಮಾಡುತ್ತದೆ? ಮುಟ್ಟಾದ ದಿನಗಳ ಹೊತ್ತಿಗೆ ಎಫ್.ಎಸ್.ಎಚ್. ಅಂಡಾಶಯದಲ್ಲಿ ಕೆಲವು ಅಂಡಕೋಶಿಕೆಗಳನ್ನು ಬೆಳೆಸತೊಡಗುತ್ತದೆ. ಬೆಳೆಯುವ ಕೋಶಿಕೆಯು ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ಉತ್ಪಾದಿಸುತ್ತದೆ. ಅದು ಗರ್ಭಕೋಶದ ಒಳಪದರವನ್ನು ಹದಗೊಳಿಸುವುದಲ್ಲದೆ ಮಿದುಳಿಗೂ ಹಿಂದಿರುಗಿ ಸುದ್ದಿ ಮುಟ್ಟಿಸುತ್ತದೆ. ಈಸ್ಟ್ರೋಜೆನ್ ಸಾಕಷ್ಟು ಏರಿ ಎರಡು ದಿನ ಹಾಗೆಯೇ ನಿಂತಾಗ, ಅಂಡ ಪಕ್ವವಾಯಿತೆಂದು ಮಿದುಳು ಅರಿಯುತ್ತದೆ. ಆಗ ಪಿಟ್ಯುಟರಿಯಿಂದ ಎಲ್.ಎಚ್. ಹೊನಲಿನಂತೆ ನುಗ್ಗುತ್ತದೆ. ಆ ಹೊನಲು ಆರಂಭವಾದ ಸುಮಾರು ಒಂದೂವರೆ ದಿನಕ್ಕೆ ಅಂಡವು ಹೊರಬೀಳುತ್ತದೆ. ಅನಂತರ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಗರ್ಭಕೋಶವನ್ನು ಕೂಸಿನ ತೊಟ್ಟಿಲಾಗಿ ಸಜ್ಜುಗೊಳಿಸುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಹದಿನಾಲ್ಕು ದಿನಗಳಲ್ಲಿ ಮುಟ್ಟಾಗಿ ಹೊಸ ಸರದಿ ಆರಂಭವಾಗುತ್ತದೆ.

ಗಂಡಸಿನಲ್ಲಿಯೂ ಇವೇ ಎರಡು ಹಾರ್ಮೋನುಗಳು ಕೆಲಸ ಮಾಡುತ್ತವೆ. ಎಲ್.ಎಚ್. ವೃಷಣಗಳಲ್ಲಿ ಟೆಸ್ಟೊಸ್ಟೆರಾನ್ ಎಂಬ ಪುರುಷ ಹಾರ್ಮೋನನ್ನು ಹುಟ್ಟಿಸುತ್ತದೆ. ಎಫ್.ಎಸ್.ಎಚ್. ವೀರ್ಯಾಣುಗಳನ್ನು ಸಾಕುವ ಕೋಶಗಳನ್ನು ಪೋಷಿಸುತ್ತದೆ. ಒಂದು ವೀರ್ಯಾಣು ಪೂರ್ಣವಾಗಿ ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಟೆಸ್ಟೊಸ್ಟೆರಾನ್ ಸಾಕಷ್ಟಾದಾಗ ಅದೂ ಮಿದುಳಿಗೆ ಸುದ್ದಿ ಕಳುಹಿಸಿ, ಇನ್ನು ಸಾಕು ಎಂದು ತಡೆಯೊಡ್ಡುತ್ತದೆ.

ಈ ವಿಷಯದ ಅಧ್ಯಯನದಲ್ಲಿ ನಮ್ಮ ಕರ್ನಾಟಕದ ಪಾಲೂ ಹಿರಿದಾದುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎನ್. ಆರ್. ಮೌದ್ಗಲ್ ಮತ್ತು ಅವರ ಸಂಗಡಿಗರು ಬಹುಕಾಲ ಪಿಟ್ಯುಟರಿಯ ಈ ಎರಡು ಹಾರ್ಮೋನುಗಳ ಮೇಲೆ ಸಂಶೋಧನೆ ನಡೆಸಿದರು. ನಮ್ಮ ಗುಡಿಗಳ ಬಳಿ, ಸಾಲುಮರಗಳ ಮೇಲೆ ಕಾಣುವ ಸಾಮಾನ್ಯ ಕೋತಿಗಳಲ್ಲಿಯೇ ಅವರ ಪ್ರಯೋಗಗಳು ನಡೆದವು. ಗಂಡು ಕೋತಿಯಲ್ಲಿ ಎಫ್.ಎಸ್.ಎಚ್. ಒಂದನ್ನೇ ನಿಷ್ಕ್ರಿಯಗೊಳಿಸಿದಾಗ, ಅದರ ಟೆಸ್ಟೊಸ್ಟೆರಾನ್ ಕುಗ್ಗಲಿಲ್ಲ. ಆದರೆ ವೀರ್ಯಾಣುಗಳ ಸಂಖ್ಯೆಯೂ ಗುಣವೂ ಕುಗ್ಗಿ, ಅದು ಮರಿ ಹುಟ್ಟಿಸಲು ಅಸಮರ್ಥವಾಯಿತು.

ಇದರ ಅರ್ಥವನ್ನು ಸ್ವಲ್ಪ ವಿಚಾರಿಸಿ ನೋಡಿ. ಮೈಯಲ್ಲಿ ಕಸುವಿದೆ, ಮೀಸೆಯಿದೆ, ದಾಂಪತ್ಯದಲ್ಲಿ ಕೊರತೆಯಿಲ್ಲ. ಆದರೂ ವೀರ್ಯಾಣು ಸಾಲದಿರಬಹುದು. "ಗಟ್ಟಿಮುಟ್ಟಾಗಿದ್ದಾನೆ" ಎಂಬುದು ಗಂಡನ ಪರೀಕ್ಷೆಗೆ ಬದಲಾಗಲಾರದು.

ಸೂತ್ರ ತಪ್ಪಿದಾಗ

ಕಾಲುವೆಯ ನೀರು ಬಾರದೆ ಬೆಳೆ ಒಣಗಿದರೆ ತಾವು ಹೊಲವನ್ನು ಬಯ್ಯುವಿರಾ? ಮೇಲಿನ ಬಾಗಿಲು ಎಲ್ಲಿ ಮುಚ್ಚಿದೆ ಎಂದು ನೋಡಿಕೊಂಡು ಬರುತ್ತೀರಿ. ಹೆಣ್ಣಿನ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆತು, ಬಂಜೆ ಎಂಬ ಒಂದೇ ಶಬ್ದದಿಂದ ತೀರ್ಪು ಕೊಟ್ಟುಬಿಡುತ್ತೇವೆ.

ಸಂತಾನವಾಗದಿರಲು ಕಾರಣಗಳು ಅನೇಕ. ಅಂಡನಾಳ ಮುಚ್ಚಿರಬಹುದು, ಗರ್ಭಕೋಶದಲ್ಲಿ ದೋಷವಿರಬಹುದು, ವೀರ್ಯದಲ್ಲಿ ಕೊರತೆಯಿರಬಹುದು. ಎಷ್ಟೋ ಸಲ ಕಾರಣ ಇನ್ನೂ ಮೇಲೆ, ಮಿದುಳು ಮತ್ತು ಪಿಟ್ಯುಟರಿಗಳಲ್ಲಿರುತ್ತದೆ. ಹೊಟ್ಟೆಗೆ ಸಾಲದ ಅನ್ನ, ಮೈಮುರಿಯುವ ದುಡಿತ, ಬಹುಕಾಲದ ಕಾಯಿಲೆ ಇವುಗಳಿಂದ ಮೈಯ ಕೊಬ್ಬು ಕರಗಿದಾಗ, ಗರ್ಭವನ್ನು ಹೊರಲು ಇದು ಕಾಲವಲ್ಲವೆಂದು ಮಿದುಳು ಮೊದಲ ದೂತನನ್ನು ತಡೆಯುತ್ತದೆ. ಆಗ ಮುಟ್ಟು ನಿಲ್ಲುತ್ತದೆ. ಅತಿಯಾದ ಬೊಜ್ಜು, ಥೈರಾಯ್ಡ್ ಗ್ರಂಥಿಯ ದೋಷ, ಪಿಟ್ಯುಟರಿಯ ಗಡ್ಡೆ, ಕೆಲವು ಔಷಧಿಗಳು ಇವು ಕೂಡ ಈ ಸರದಿಯನ್ನು ಕೆಡಿಸಬಲ್ಲವು. ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯುಂಟು.

ಅಪರೂಪದ ಒಂದು ಉದಾಹರಣೆಯನ್ನು ಹೇಳುತ್ತೇನೆ. ಮೊದಲ ದೂತನನ್ನು ತಯಾರಿಸುವ ನರಕೋಶಗಳು ಮಗು ತಾಯಿಯ ಗರ್ಭದಲ್ಲಿರುವಾಗ ಮೂಗಿನ ಭಾಗದಲ್ಲಿ ಹುಟ್ಟಿ, ಅಲ್ಲಿಂದ ಪಯಣಿಸಿ ಮಿದುಳನ್ನು ಸೇರುತ್ತವೆ. ಕೆಲವರಲ್ಲಿ ಈ ಪಯಣ ಅರ್ಧಕ್ಕೆ ನಿಂತುಬಿಡುತ್ತದೆ. ಅಂತಹವರಿಗೆ ಹುಟ್ಟಿನಿಂದ ವಾಸನೆ ತಿಳಿಯುವುದಿಲ್ಲ. ಪ್ರಾಯ ಬಂದರೂ ಗಡ್ಡ ಮೀಸೆ ಮೂಡುವುದಿಲ್ಲ ಅಥವಾ ಮುಟ್ಟು ಕಾಣಿಸುವುದಿಲ್ಲ. ಊರಿನವರು ನಗುತ್ತಾರೆ, ತಂದೆತಾಯಿಗಳು ಮುಚ್ಚಿಡುತ್ತಾರೆ. ಆದರೆ ಇವರ ವೃಷಣಗಳು, ಅಂಡಾಶಯಗಳು ಸಂದೇಶಕ್ಕಾಗಿ ಕಾಯುತ್ತಿರುತ್ತವೆ. ಕೊರತೆಯಾದ ಹಾರ್ಮೋನನ್ನು ತಜ್ಞರು ಕ್ರಮವಾಗಿ ಕೊಟ್ಟಾಗ ಇವರಲ್ಲಿ ಅನೇಕರು ಪ್ರಾಯಕ್ಕೆ ಬಂದು ಮಕ್ಕಳನ್ನೂ ಪಡೆಯುತ್ತಾರೆ. ಹದಿನಾಲ್ಕು ಹದಿನೈದು ವರ್ಷವಾದರೂ ಪ್ರಾಯದ ಯಾವ ಗುರುತೂ ಕಾಣದ ಹುಡುಗ ಹುಡುಗಿಯರನ್ನು ನಾಚಿಕೆಪಡದೆ ವೈದ್ಯರಿಗೆ ತೋರಿಸಬೇಕು.

ಇನ್ನು ಗರಡಿಮನೆಯ ತರುಣರಿಗೆ ಒಂದು ಮಾತು. ಕುಸ್ತಿಗೆ ಹೆಸರಾದ ಸೀಮೆ ಇದು. ಮೈಯನ್ನು ಬೇಗ ಉಬ್ಬಿಸಲು ಕೆಲವರು ಪುರುಷ ಹಾರ್ಮೋನಿನ ಸೂಜಿಗಳನ್ನು ಗುಟ್ಟಾಗಿ ಚುಚ್ಚಿಸಿಕೊಳ್ಳುವುದುಂಟು. ಹೊರಗಿನಿಂದ ಬಂದ ಟೆಸ್ಟೊಸ್ಟೆರಾನನ್ನು ಕಂಡು ಮಿದುಳು ಏನೆಂದುಕೊಳ್ಳುತ್ತದೆ? ವೃಷಣಗಳು ಬೇಕಾದುದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿವೆ ಎಂದು ತಿಳಿದು ಬಾಗಿಲನ್ನು ಮುಚ್ಚುತ್ತದೆ. ಎಲ್.ಎಚ್., ಎಫ್.ಎಸ್.ಎಚ್. ಎರಡೂ ಇಳಿಯುತ್ತವೆ. ವೃಷಣಗಳು ಸೊರಗುತ್ತವೆ, ವೀರ್ಯಾಣುಗಳು ಕಡಿಮೆಯಾಗುತ್ತವೆ, ಕೆಲವರಲ್ಲಿ ಇಲ್ಲವೇ ಆಗುತ್ತವೆ. ಸೂಜಿ ನಿಲ್ಲಿಸಿದ ಮೇಲೆ ಸರಿಹೋಗಲು ತಿಂಗಳುಗಳು, ಒಮ್ಮೊಮ್ಮೆ ವರ್ಷಗಳು ಬೇಕಾಗುತ್ತವೆ. ಹೊರಗೆ ಭೀಮನಂತೆ ಕಾಣುವವನ ಮನೆಯಲ್ಲಿ ತೊಟ್ಟಿಲು ಕಟ್ಟದಿರಲು ಇದೂ ಒಂದು ಕಾರಣ. ಅದರ ನಿಂದೆಯನ್ನು ಹೊರುವವಳು ಮಾತ್ರ ಹೆಂಡತಿ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡನ ಕಡೆಯ ಕಾರಣವೂ ಸೇರಿರುತ್ತದೆ. ಆದುದರಿಂದ ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಯ ವಯಸ್ಸು ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ, ಗಂಡಹೆಂಡಿರಿಬ್ಬರೂ ಒಟ್ಟಿಗೆ ವೈದ್ಯರಲ್ಲಿಗೆ ಹೋಗಬೇಕು. ಗಂಡನ ವೀರ್ಯಪರೀಕ್ಷೆಯಲ್ಲಿ ನೋವಿಲ್ಲ, ಖರ್ಚೂ ಕಡಿಮೆ. ಅದನ್ನು ಮೊದಲೇ ಮಾಡಿಸಿದರೆ ಹೆಂಡತಿಗೆ ಎಷ್ಟೋ ನೋವಿನ ಪರೀಕ್ಷೆಗಳು ತಪ್ಪಬಹುದು. ದೇವರಿಗೆ ಹರಕೆ ಹೊರುವವರು ಹೊರಲಿ. ಆದರೆ ಹರಕೆಯ ಜೊತೆಗೆ ಪರೀಕ್ಷೆಯೂ ನಡೆಯಲಿ, ಇಬ್ಬರದೂ ನಡೆಯಲಿ.

ಮಕ್ಕಳ ನಡುವೆ ಅಂತರ

ಮಕ್ಕಳು ಬೇಕೆನ್ನುವವರಿಗೆ ಈ ಸೂತ್ರ ಹೇಗೆ ಮುಖ್ಯವೋ, ಅಂತರ ಬೇಕೆನ್ನುವವರಿಗೂ ಹಾಗೆಯೇ ಮುಖ್ಯ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಸಂತಾನ ನಿಯಂತ್ರಣದ ಸಲಹೆಗಾಗಿ ತನ್ನ ಆಸ್ಪತ್ರೆಗಳಲ್ಲಿ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೊಂದು ಹೀಗೆ ಮುಂದೆ ಬಂದುದು ಜಗತ್ತಿನಲ್ಲಿಯೇ ಮೊದಲೆಂದು ಹೇಳುತ್ತಾರೆ. 1952ರಲ್ಲಿ ಭಾರತ ಸರ್ಕಾರದ ಕುಟುಂಬ ಯೋಜನೆ ಆರಂಭವಾಯಿತು. ಆಗಿನ್ನೂ ಮೊದಲ ದೂತನ ರಚನೆ ಯಾರಿಗೂ ತಿಳಿದಿರಲಿಲ್ಲ. ಇಂದು ನಮಗೆ ತಿಳಿದಿದೆ. ಅದರಿಂದಾಗಿ ಕೆಲವು ಉಪಾಯಗಳು ಹೇಗೆ ಕೆಲಸ ಮಾಡುತ್ತವೆಂಬುದನ್ನು ಸ್ಪಷ್ಟವಾಗಿ ಹೇಳಬಹುದು.

ಪ್ರಕೃತಿಯೇ ಕೊಟ್ಟ ಉಪಾಯ ಎದೆಹಾಲು. ಮಗು ಮತ್ತೆ ಮತ್ತೆ ಚೀಪಿದಾಗ ಆ ಸುದ್ದಿ ನರಗಳ ಮೂಲಕ ಮಿದುಳಿಗೇರಿ ಮೊದಲ ದೂತನ ಸರದಿಯನ್ನು ತಡೆಯುತ್ತದೆ. ಅಂಡ ಬೆಳೆಯುವುದಿಲ್ಲ. ಆದರೆ ಇದನ್ನು ನಂಬಬೇಕಾದರೆ ಮೂರು ನಿಯಮಗಳು ಕೂಡಿರಬೇಕು. ಮಗುವಿಗೆ ಆರು ತಿಂಗಳು ತುಂಬಿರಬಾರದು. ಹಗಲೂ ರಾತ್ರಿಯೂ ಎದೆಹಾಲನ್ನೇ ಕೊಡುತ್ತಿರಬೇಕು. ತಾಯಿಗೆ ಮತ್ತೆ ಮುಟ್ಟು ಬಂದಿರಬಾರದು. ಮೂರೂ ಇದ್ದಾಗ ನೂರರಲ್ಲಿ ತೊಂಬತ್ತೆಂಟು ತಾಯಂದಿರಿಗೆ ರಕ್ಷಣೆ ದೊರೆಯುತ್ತದೆ. ಒಂದು ತಪ್ಪಿದರೂ ಬೇರೆ ಉಪಾಯ ಹಿಡಿಯಬೇಕು. ಮುಟ್ಟು ಬರುವ ಮೊದಲೇ ಅಂಡ ಬಿಡುಗಡೆಯಾಗಬಹುದಾದುದರಿಂದ, ಮುಟ್ಟಿಗಾಗಿ ಕಾಯುತ್ತ ಕುಳಿತ ಎಷ್ಟೋ ತಾಯಂದಿರು ಗರ್ಭಿಣಿಯರಾಗಿದ್ದಾರೆ.

ಮಾಲಾ-ಎನ್ ಗುಳಿಗೆಯಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನಿನಂತಹ ಹಾರ್ಮೋನುಗಳಿವೆ. ಅವು ರಕ್ತದಲ್ಲಿರುವುದನ್ನು ಕಂಡು ಮಿದುಳು ಎಲ್.ಎಚ್.ನ ಹೊನಲನ್ನು ಬಿಡುವುದಿಲ್ಲ. ದಿನವೂ ತಪ್ಪದೆ ನುಂಗಬೇಕೆನ್ನುವುದು ಇದೇ ಕಾರಣಕ್ಕೆ. ದಿನ ತಪ್ಪಿದರೆ ಮಿದುಳು ಮತ್ತೆ ಎಚ್ಚರಗೊಳ್ಳುತ್ತದೆ. ಗುಳಿಗೆ ಬಿಟ್ಟ ಮೇಲೆ ಹಳೆಯ ಸರದಿ ಬೇಗನೆ ಮರಳುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಹಾಲೂಡಿಸುವವರು, ರಕ್ತದೊತ್ತಡವುಳ್ಳವರು ವೈದ್ಯರನ್ನು ಕೇಳದೆ ಇದನ್ನು ಸೇವಿಸಕೂಡದು. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಕೂಡ ಮಿದುಳಿನ ಮೂಲಕವೇ ಅಂಡದ ಬಿಡುಗಡೆಯನ್ನು ತಡೆಯುತ್ತದೆ. ಕೊನೆಯ ಚುಚ್ಚುಮದ್ದಾದ ಮೇಲೆ ಗರ್ಭಧಾರಣೆಯ ಶಕ್ತಿ ಮರಳಲು ಸಾಮಾನ್ಯವಾಗಿ ಏಳರಿಂದ ಹತ್ತು ತಿಂಗಳು ಹಿಡಿಯುತ್ತದೆ. ಹೆದರಬೇಕಾದ ಕಾರಣವಿಲ್ಲ. ಕಾಪರ್-ಟಿ ಗರ್ಭಕೋಶದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಮಿದುಳಿನ ಸೂತ್ರವನ್ನು ಮುಟ್ಟುವುದಿಲ್ಲ.

ಇನ್ನು ಮಕ್ಕಳು ಸಾಕೆಂದು ನಿಶ್ಚಯಿಸಿದವರ ವಿಷಯ. ಶಸ್ತ್ರಚಿಕಿತ್ಸೆಯೆಂದರೆ ಅದು ಹೆಂಗಸರ ಪಾಲಿನದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಗಂಡಸು ಮಾಡಿಸಿಕೊಂಡರೆ ಗಂಡಸುತನ ಹೋಗುತ್ತದೆ, ನೇಗಿಲು ಹಿಡಿಯುವ ಕಸುವು ಹೋಗುತ್ತದೆ ಎಂಬ ಭಯವೇ ಅದಕ್ಕೆ ಕಾರಣ. ಇಷ್ಟು ಹೊತ್ತು ಕೇಳಿದ ತಾವೇ ಈ ಭಯವನ್ನು ಪರೀಕ್ಷಿಸಿ ನೋಡಬಹುದು. ಪುರುಷ ಹಾರ್ಮೋನು ವೃಷಣದಿಂದ ಹೊರಡುವುದು ಯಾವ ದಾರಿಯಲ್ಲಿ? ರಕ್ತದಲ್ಲಿ. ಶಸ್ತ್ರಚಿಕಿತ್ಸೆಯಲ್ಲಿ ಕಟ್ಟುವುದು ಯಾವುದನ್ನು? ವೀರ್ಯಾಣುಗಳು ಹೋಗುವ ಎರಡು ಸಣ್ಣ ನಾಳಗಳನ್ನು ಮಾತ್ರ. ಮಿದುಳು ಮೊದಲಿನಂತೆಯೇ ಸಂದೇಶ ಕಳುಹಿಸುತ್ತದೆ, ವೃಷಣ ಮೊದಲಿನಂತೆಯೇ ಟೆಸ್ಟೊಸ್ಟೆರಾನನ್ನು ರಕ್ತಕ್ಕೆ ಕೊಡುತ್ತದೆ. ಕಸುವು, ಧ್ವನಿ, ದಾಂಪತ್ಯ ಸುಖ ಯಾವುದೂ ಕುಂದುವುದಿಲ್ಲ. ಇಂದು ಕತ್ತಿಯ ಗಾಯವೂ ಇಲ್ಲದೆ ಸಣ್ಣ ರಂಧ್ರದ ಮೂಲಕ ಇದನ್ನು ಮಾಡುತ್ತಾರೆ. ನಾಳದಲ್ಲಿ ಮೊದಲೇ ಉಳಿದ ವೀರ್ಯಾಣುಗಳು ಇರುವುದರಿಂದ ಮೂರು ತಿಂಗಳು ನಿರೋಧ್ ಬಳಸಿ, ಬಳಿಕ ವೀರ್ಯಪರೀಕ್ಷೆ ಮಾಡಿಸಿಕೊಂಡು ಖಚಿತಪಡಿಸಿಕೊಳ್ಳಬೇಕು. ಹೆಂಗಸಿನ ಶಸ್ತ್ರಚಿಕಿತ್ಸೆಯೂ ನಾಳವನ್ನಷ್ಟೇ ಕಟ್ಟುತ್ತದೆ. ಅಂಡಾಶಯ ಮತ್ತು ಮಿದುಳಿನ ಮಾತುಕತೆ ನಡೆದೇ ಇರುತ್ತದೆ, ಮುಟ್ಟೂ ಬರುತ್ತದೆ. ಆದರೆ ಅದಕ್ಕಾಗಿ ಹೊಟ್ಟೆಯನ್ನು ತೆರೆಯಬೇಕು. ಎರಡರಲ್ಲಿ ಹಗುರವಾದುದು ಗಂಡನ ಶಸ್ತ್ರಚಿಕಿತ್ಸೆಯೇ.

ಋತುಮತಿಯಾದ ಮಾತ್ರಕ್ಕೆ

ಕೊನೆಯದಾಗಿ ಹೆಣ್ಣುಮಕ್ಕಳ ತಂದೆತಾಯಿಗಳಲ್ಲಿ ಒಂದು ಬಿನ್ನಹ. ಬಾಲ್ಯದಲ್ಲಿ ಮಿದುಳು ಮೊದಲ ದೂತನನ್ನು ವರ್ಷಗಳ ಕಾಲ ಸುಮ್ಮನಿರಿಸುತ್ತದೆ. ಪ್ರಾಯ ಸಮೀಪಿಸಿದಾಗ ಅವನು ಮೊದಮೊದಲು ರಾತ್ರಿಯ ನಿದ್ರೆಯಲ್ಲಿ ಬಾಗಿಲು ತಟ್ಟತೊಡಗುತ್ತಾನೆ. ಕ್ರಮೇಣ ಹಗಲಿನಲ್ಲಿಯೂ ಬರುತ್ತಾನೆ. ಈ ಎಚ್ಚರಕ್ಕೆ ಕಿಸ್‌ಪೆಪ್ಟಿನ್ ಎಂಬ ಇನ್ನೊಂದು ಮಿದುಳಿನ ದ್ರವ್ಯ ಬೇಕೆಂಬುದು 2003ರಲ್ಲಿ ಹೊರಬಿದ್ದ ಸಂಶೋಧನೆಗಳಿಂದ ತಿಳಿದುಬಂತು. ಹುಡುಗಿ ಋತುಮತಿಯಾಗುವುದು ಈ ಕಾರ್ಯದ ಆರಂಭ ಮಾತ್ರ. ಮೊದಲ ಒಂದೆರಡು ವರ್ಷ ಸರದಿ ನೆಲೆಗೊಂಡಿರುವುದಿಲ್ಲ. ಅನೇಕ ಸಲ ಅಂಡ ಬಿಡುಗಡೆಯಾಗದೆಯೇ ಮುಟ್ಟಾಗುತ್ತದೆ. ಅವಳ ಎಲುಬುಗಳೂ ಇನ್ನೂ ಬಲಿಯುತ್ತಿರುತ್ತವೆ. ಹೂಬಿಟ್ಟ ಗಿಡವೆಲ್ಲ ಕಾಯಿ ಹೊರುವಷ್ಟು ಗಟ್ಟಿಯಾಗಿದೆಯೆಂದು ತೋಟಿಗನು ತಿಳಿಯುವುದಿಲ್ಲ. ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ತುಂಬದೆ ಮದುವೆ ಮಾಡಬಾರದೆಂಬ ಕಾನೂನು ಶರೀರದ ಧರ್ಮಕ್ಕೂ ಹೊಂದುವಂತಹುದು. ಮೊದಲ ಮಗು ಇಪ್ಪತ್ತರ ನಂತರ, ಮಗುವಿನಿಂದ ಮಗುವಿಗೆ ಮೂರು ವರ್ಷ ಅಂತರ. ಇದು ತಾಯಿಗೂ ಕ್ಷೇಮ, ಕೂಸಿಗೂ ಕ್ಷೇಮ.

ಸಹೋದರ ಸಹೋದರಿಯರೆ, ಪಾರಿಜಾತದ ಕಥೆಯಲ್ಲಿ ಹೂವು ಒಬ್ಬಳ ಪಾಲಾದುದೇ ಕಲಹಕ್ಕೆ ಮೂಲವಾಯಿತು. ನಮ್ಮ ಸಂಸಾರಗಳಲ್ಲಿ ದೂರು ಒಬ್ಬಳ ಪಾಲಾಗುತ್ತಿದೆ. ಗಂಡನ ತಲೆಯಲ್ಲಿಯೂ ಹೆಂಡತಿಯ ತಲೆಯಲ್ಲಿಯೂ ಒಂದೇ ದೂತ, ಒಂದೇ ಹತ್ತು ಮಣಿಗಳ ಸರ ಹಿಡಿದು ಕುಳಿತಿದ್ದಾನೆ. ಸಂತಾನದ ಸೂತ್ರ ಇಬ್ಬರಲ್ಲಿಯೂ ಇ��ುವುದರಿಂದ ಅದರ ಹೊಣೆಯೂ ಇಬ್ಬರದು. ನಾಳೆ ನಿಮ್ಮ ಓಣಿಯಲ್ಲಿ ಯಾರಾದರೂ ಒಬ್ಬ ಹೆಣ್ಣುಮಗಳನ್ನು ಬಂಜೆ ಎಂದು ಕರೆದರೆ, ಅವಳ ಗಂಡನ ಪರೀಕ್ಷೆ ಆಗಿದೆಯೆ ಎಂದು ಕೇಳಿರಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯಲ್ಲಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಲಹೆ ದೊರೆಯುತ್ತದೆ. ಹೋಗುವಾಗ ಇಬ್ಬರೂ ಜೊತೆಯಾಗಿ ಹೋಗಿರಿ.